ಏಳೇ ಚಾನೆಲ್, ಕೇಳುವವರು ಹಲವರು

ಮಂಗಳೂರು ಕೊಡಿಯಾಲ್‌ಬೈಲಿನ ಯಾವುದಾದರೂ ಹಳೆಯ ಕಚೇರಿಯ ಅಟ್ಟದಲ್ಲಿ ತೊಂಬತ್ತರ ದಶಕದ ಪಿಸಿಯೊಂದು ಧೂಳು ಹಿಡಿದು ಕೂತಿದ್ದರೆ, ಗುಜರಿಗೆ ಹಾಕುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ. ಕಪ್ಪಗೆ ಉದ್ದಕ್ಕಿರುವ ಐಎಸ್‌ಎ ಸ್ಲಾಟುಗಳು, ಒಂದರಲ್ಲಿ ಸೌಂಡ್ ಕಾರ್ಡು, ಅದರ ಮೇಲೆ ಪುಟ್ಟ ಜಂಪರುಗಳು. ಕೆಲವು ಕಾರ್ಡುಗಳಲ್ಲಿ ಡಿಎಂಎ ಚಾನೆಲ್ಲನ್ನು, ಅಂದರೆ ಸಿಪಿಯು ಕೈಹಾಕದೆ ಮೆಮೊರಿಗೆ ದತ್ತಾಂಶ ಸಾಗಿಸುವ ದಾರಿಯನ್ನು, ಆರಿಸುತ್ತಿದ್ದದ್ದು ಈ ಜಂಪರುಗಳಿಂದಲೇ.

ಡಿಎಂಎ ಇಲ್ಲದಿದ್ದರೆ ಫ್ಲಾಪಿಯಿಂದ ಬಂದ ಒಂದೊಂದು ಬೈಟನ್ನೂ ಸಿಪಿಯುವೇ ಎತ್ತಿ ಮೆಮೊರಿಯಲ್ಲಿ ಇಡಬೇಕು. ಆ ಹೊರೆಯನ್ನು ಹೊತ್ತದ್ದು ಇಂಟೆಲ್ 8237 ಚಿಪ್. 1981ರ ಐಬಿಎಂ ಪಿಸಿಯಲ್ಲಿ ಇಂಥದ್ದು ಒಂದೇ ಇತ್ತು, ಚಾನೆಲ್ ನಾಲ್ಕೇ. ಅದರಲ್ಲೂ 0 ಮೆಮೊರಿ ರಿಫ್ರೆಶ್‌ಗೆ ಹೋಯಿತು, 2 ಫ್ಲಾಪಿಗೆ. 1984ರ ಪಿಸಿ ಎಟಿಗೆ ಎರಡನೇ ಚಿಪ್ ಬಂತು. ಎರಡನ್ನೂ ಜೋಡಿಸಲು (ಇದೇ 'ಕ್ಯಾಸ್ಕೇಡ್') 4ನೇ ಚಾನೆಲ್ ಖರ್ಚಾಗಿ, ಉಳಿದದ್ದು ಏಳು. ಸೌಂಡ್ ಬ್ಲಾಸ್ಟರ್ 16 ಸಾಮಾನ್ಯವಾಗಿ 1 ಮತ್ತು 5ನ್ನು ಹಿಡಿಯುತ್ತಿತ್ತು. ಪ್ರಿಂಟರಿನ ಇಸಿಪಿ ಪೋರ್ಟಿಗೆ 3 ಬೇಕು, ಇಲ್ಲವೇ ಅದೇ 1. ಸ್ಟೇಟ್‌ಬ್ಯಾಂಕಿನಿಂದ ಒಂದೇ ಟೈಮಿಂಗಿಗೆ ಎರಡು ಸಿಟಿ ಬಸ್ಸು ಹೊರಟರೆ ಪಿವಿಎಸ್ ಸರ್ಕಲ್ ಮುಟ್ಟುವ ಮೊದಲೇ ಜಗಳವಾಗುತ್ತದಲ್ಲ, ಹಾಗೆ.

ಪಿಸಿಕ್ವೆಸ್ಟ್ ಪತ್ರಿಕೆಯ ಸಿಡಿಗಳಲ್ಲಿ ಲಿನಕ್ಸ್ ನಮ್ಮೂರುಗಳಿಗೆ ಬಂದದ್ದು ಆ ತೊಂಬತ್ತರ ದಶಕದಲ್ಲೇ. ಚಾನೆಲ್‌ಗಳ ಈ ಜಗಳ ತಪ್ಪಿಸಲು ಲಿನಕ್ಸ್ ಡ್ರೈವರ್ ಬರೆಯುವವರು ಪಾಲಿಸುವ ಶಿಸ್ತು ನನಗೆ ಬಹಳ ಹಿಡಿಸುತ್ತದೆ. ಡ್ರೈವರ್ ಲೋಡ್ ಆದ ಕೂಡಲೇ ಚಾನೆಲ್ ಬಾಚಿಕೊಳ್ಳುವುದಿಲ್ಲ. ಯಾರಾದರೂ ಸಾಧನವನ್ನು ತೆರೆದಾಗ ಮಾತ್ರ 'ರಿಕ್ವೆಸ್ಟ್ ಡಿಎಂಎ' ಎಂದು ಕೇಳುತ್ತದೆ. ಮೊದಲು ಇಂಟರಪ್ಟ್, ಆಮೇಲೆ ಚಾನೆಲ್. ಬಿಡುವಾಗ ಮೊದಲು ಚಾನೆಲ್, ಆಮೇಲೆ ಇಂಟರಪ್ಟ್. ಎಲ್ಲ ಡ್ರೈವರುಗಳೂ ಇದೇ ಕ್ರಮ ಪಾಲಿಸಿದರೆ, ಒಬ್ಬರ ಕೈಯಲ್ಲಿರುವುದಕ್ಕಾಗಿ ಇನ್ನೊಬ್ಬರು ಕಾಯುತ್ತ ಇಬ್ಬರೂ ಸಿಕ್ಕಿಹಾಕಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಚಾನೆಲ್ ಸಿಕ್ಕಿತು ಅನ್ನಿ. ನಿಜವಾದ ಕುಶಲತೆ ಬೇಕಾಗುವುದು ಆಮೇಲೆ. 8237ಕ್ಕೆ ಎಣಿಸಲು ಬರುವುದು 16 ಬಿಟ್ ವಿಳಾಸ ಮಾತ್ರ; ಮೇಲಿನ ಬಿಟ್‌ಗಳು ಪೇಜ್ ರಿಜಿಸ್ಟರಿನಲ್ಲಿ ಅಲುಗಾಡದೆ ಕೂತಿರುತ್ತವೆ. ಬಫರು 64 ಕೆಬಿ ಗಡಿಯನ್ನು ದಾಟಿತೋ, ಎಣಿಕೆ ಅದೇ ಪೇಜಿನ ಸೊನ್ನೆಗೆ ಮರಳಿ, ಯಾರದೋ ಜಾಗದಲ್ಲಿ ದತ್ತಾಂಶ ಸುರಿಯುತ್ತದೆ. ಚಿಪ್ ದೂರು ಹೇಳುವುದಿಲ್ಲ. 5ರಿಂದ 7ರವರೆಗಿನ ಹದಿನಾರು ಬಿಟ್ ಚಾನೆಲ್‌ಗಳಿಗೆ ಈ ಗಡಿ 128 ಕೆಬಿ. ಬಫರು ಮೆಮೊರಿಯ ಮೊದಲ 16 ಎಂಬಿಯೊಳಗೇ ಇರಬೇಕು. ಅದರಾಚೆಗೆ ಇವುಗಳ ಕೈ ಎಟುಕದು. ಆ 16 ಬಿಟ್ ವಿಳಾಸವನ್ನಾದರೂ ಎರಡು ಕಂತಿನಲ್ಲಿ, ಕೆಳಗಿನ ಬೈಟು ಮೊದಲು, ಬರೆಯಬೇಕು. ಯಾವ ಕಂತು ಎಂದು ನೆನಪಿಡುವ ಫ್ಲಿಪ್‌ಫ್ಲಾಪನ್ನು ಮೊದಲೇ ತೆರವು ಮಾಡದಿದ್ದರೆ ಬೈಟುಗಳು ಅದಲುಬದಲು. ಇನ್ನೊಂದು ಡ್ರೈವರ್ ನಡುವೆ ನುಗ್ಗದಂತೆ ಇಷ್ಟೂ ಕೆಲಸ ಬೀಗ ಹಾಕಿಕೊಂಡೇ ನಡೆಯಬೇಕು. ಸದ್ಯ, ಎಣಿಕೆಯಿಂದ ಒಂದು ಕಳೆದು ಬರೆಯಬೇಕೆಂಬ ಚಿಪ್ಪಿನ ವಿಚಿತ್ರ ಹಟವನ್ನು ಲಿನಕ್ಸ್ ತಾನೇ ನೋಡಿಕೊಳ್ಳುತ್ತದೆ.

ಪಿಸಿಐ ಬಂದ ಮೇಲೆ ಕಾರ್ಡುಗಳು ತಾವೇ ಬಸ್ಸನ್ನು ಹಿಡಿದು ಮೆಮೊರಿಗೆ ಬರೆಯತೊಡಗಿದವು, ಚಾನೆಲ್ ಕೇಳುವ ಅಗತ್ಯವೇ ಉಳಿಯಲಿಲ್ಲ. ಇಂದಿನ ಲಿನಕ್ಸ್ ಪಿಸಿಯಲ್ಲಿ 'ಪ್ರಾಕ್' ಕೋಶದ 'ಡಿಎಂಎ' ಕಡತ ತೆರೆದರೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು: 4, ಕ್ಯಾಸ್ಕೇಡ್.