ಪಾಮ್ ಎಣ್ಣೆ: ಹಣ್ಣಿನ ಕೆಂಪು ಬಣ್ಣ ಪಾಕೀಟಿಗೆ ಬರೋದ್ರಾಗ ಎಲ್ಲಿ ಹೋಗ್ತದ?

ಆಳಂದ ಇರ್ಲಿ, ಅಫಜಲಪುರ ಇರ್ಲಿ, ಜೇವರ್ಗಿ ಇರ್ಲಿ, ಸಂಜಿ ಆದ್ರ ನಮಗ ಸುಸಲಾ, ಮಿರ್ಚಿ ಬೇಕೇ ಬೇಕು. ಆ ಮಿರ್ಚಿ ಯಾವ ಎಣ್ಣೆಯಲ್ಲಿ ಕರೀತಾರ ಅಂತ ಕೇಳೀರೇನು? ನಾನೂ ಕೇಳಿದ್ದಿಲ್ಲ. ಅಪ್ಪಗ ಕೊಲೆಸ್ಟ್ರಾಲ್ ಜಾಸ್ತಿ ಬಂದ ಮ್ಯಾಲ ಮನೆಯ ಎಣ್ಣೆ ಪಾಕೀಟು ತಿರುಗಿಸಿ ನೋಡಿದೆ. ಮುಂದ 'ಕೊಲೆಸ್ಟ್ರಾಲ್ ಇಲ್ಲ' ಅಂತ ದೊಡ್ಡಕ್ಷರ. ಹಿಂದ ಸಣ್ಣಕ್ಷರದಾಗ 'ಪಾಮೋಲಿನ್'.

ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರ ಲೆಕ್ಕ ಹಾಕೋದು ಬರ್ತದ.

ಮೊದಲು ಗಿಡ. ಇದು ನಮ್ಮ ಹಳ್ಳದ ದಂಡಿಯ ಈಚಲ ಗಿಡ ಅಲ್ಲ, ಪಶ್ಚಿಮ ಆಫ್ರಿಕಾ ಮೂಲದ ಎಣ್ಣೆ ತಾಳೆ. ಹಣ್ಣಿನ ತಿರುಳು ಹಿಂಡಿದರೆ ಬರೋ ಎಣ್ಣೆ ಕೆಂಪಗಿರ್ತದ. ಕಾರಣ ಬೀಟಾ ಕ್ಯಾರೋಟಿನ್, ಗಜ್ಜರಿಯಲ್ಲಿ ಇರೋದೇ. ದೇಹ ಅದನ್ನ ವಿಟಮಿನ್ 'ಎ' ಮಾಡಿಕೊಳ್ತದ. ಕೆಂಪು ಎಣ್ಣೆಯ ಒಂದು ಕಿಲೋದಲ್ಲಿ ಸುಮಾರು 500ರಿಂದ 700 ಮಿಲಿಗ್ರಾಂ ಕ್ಯಾರೋಟಿನ್ ಇರ್ತದ. ವಿಟಮಿನ್ 'ಇ' ಕೂಡ ಚೆನ್ನಾಗಿದೆ.

ಆದ್ರ ರಿಫೈನರಿಯಲ್ಲಿ ಬಣ್ಣ, ವಾಸನೆ ತೆಗೆಯೋಕೆ 200 ಡಿಗ್ರಿಗಿಂತ ಹೆಚ್ಚು ಕಾಯಿಸ್ತಾರ. ಕ್ಯಾರೋಟಿನ್ ಅಲ್ಲೇ ಹೋಗ್ತದ. ಪಾಕೀಟಿನ ಮ್ಯಾಲ '+ಎಫ್' ಗುರುತು ಇದ್ರ, ವಿಟಮಿನ್ 'ಎ', 'ಡಿ' ಆಮೇಲೆ ಬೆರೆಸಿದ್ದು ಅಂತ ಅರ್ಥ.

ಉಳಿಯೋದು ಕೊಬ್ಬು. ಪಾಮ್ ಎಣ್ಣೆಯಲ್ಲಿ ನೂರಕ್ಕೆ ಸುಮಾರು 50 ಪಾಲು ಸ್ಯಾಚುರೇಟೆಡ್ ಕೊಬ್ಬು, 40 ಪಾಲು ಓಲಿಯಿಕ್, 10 ಪಾಲು ಲಿನೋಲಿಯಿಕ್ ಆಮ್ಲ. ಅದರ ತಿಳಿ ಭಾಗವಾದ ಪಾಮೋಲಿನ್‌ನಲ್ಲಿ ಸ್ಯಾಚುರೇಟೆಡ್ ಸ್ವಲ್ಪ ಕಡಿಮೆ. ನಮ್ಮ ಅಜ್ಜಿಯರ ಕುಸುಬಿ ಎಣ್ಣೆಯಲ್ಲಿ ಅದು ಹತ್ತರ ಆಸುಪಾಸು ಅಷ್ಟೇ.

ಈಗ ಆ ದೊಡ್ಡಕ್ಷರದ ಮಾತು. ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರೋವಷ್ಟು ಕೊಲೆಸ್ಟ್ರಾಲ್ ಇರಲ್ಲ. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದ್ರ ನಮ್ಮ ರಕ್ತದಾಗಿನ ಕೆಟ್ಟ ಕೊಲೆಸ್ಟ್ರಾಲ್ ಏರ್ತದ. ದಿನದ ಕ್ಯಾಲರಿಯಲ್ಲಿ ಇದು ಶೇ 10 ದಾಟಬಾರದು ಅಂತದ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲರಿ ತಿನ್ನೋರಿಗೆ ಅದು ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ಪಾಮೋಲಿನ್‌ನಲ್ಲೇ 6 ಗ್ರಾಂ ಇರ್ತದ. ಮೂರು ಚಮಚಕ್ಕೆ 18. ಹಾಲು, ತುಪ್ಪ, ಮಟನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಹಂಗಂತ ಪಾಮ್ ಎಣ್ಣೆ ವಿಷ ಅಲ್ಲ. ಅಗ್ಗ, ಕಾದರೂ ಬೇಗ ಕೆಡಲ್ಲ. ಅದಕ್ಕೇ ಬಂಡಿಯವರು ಬಳಸ್ತಾರ. ಕುಸುಬಿ ಎಣ್ಣೆ ಒಗ್ಗರಣೆಗೆ, ಶೇಂಗಾ ಹಿಂಡಿಗೆ ಚಲೋ. ಮತ್ತೆ ಮತ್ತೆ ಕರಿಯೋಕಲ್ಲ.

ನಮ್ಮ ಮನೆಯಲ್ಲಿ ಅವ್ವ ಈಗ ತಿಂಗಳ ಎಣ್ಣೆ ಅಳೆದು ಇಡ್ತಾಳ. ಅಪ್ಪ ಮಿರ್ಚಿ ಬಿಟ್ಟಿಲ್ಲ, ವಾರಕ್ಕೊಮ್ಮೆ ಮಾಡ್ಯಾರ. ನೀವೂ ಇವತ್ತು ಅಡುಗೆ ಮನೆಗೆ ಹೋಗಿ ಪಾಕೀಟಿನ ಹಿಂಭಾಗ ಓದ್ರಿ. ಏನು ಬರೆದದ ಅಂತ ವಾಯ್ಸ್ ನೋಟ್ ಕಳಸ್ರಿ. ಮುಂದಿನ ವಾರ ಸಿಗೋಣ್ರೀ.