ಐದಾರು ಸೆಕೆಂಡಿನ ಕಾವಲು

1999ರ ಮೇ 28. ಕಾರ್ಗಿಲ್‌ನ ತೊಲೋಲಿಂಗ್ ಮೇಲೆ ದಾಳಿಗೆ ಹೋಗಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರೊಂದನ್ನು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಕೆಡವಿತು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ಆರ್.ಕೆ. ಸಾಹು ನಾಲ್ವರೂ ಹುತಾತ್ಮರಾದರು. ಕ್ಷಿಪಣಿಯ ದಾರಿ ತಪ್ಪಿಸುವ ಬೆಂಕಿಯುಂಡೆ, ಅಂದರೆ ಫ್ಲೇರ್, ಆ ಹೆಲಿಕಾಪ್ಟರಿನಲ್ಲಿ ಇರಲೇ ಇಲ್ಲ.

ಫ್ಲೇರ್ ಇದ್ದರಷ್ಟೇ ಸಾಲದು, ಅದನ್ನು ಯಾವ ಗಳಿಗೆಯಲ್ಲಿ ಬಿಡಬೇಕೆಂದು ಗೊತ್ತಾಗಬೇಕು. ಶಾಖದ ಬೆನ್ನು ಹತ್ತುವ ಕ್ಷಿಪಣಿ ರೇಡಾರ್ ಕಿರಣ ಬೀರುವುದಿಲ್ಲ; ರೇಡಾರ್ ಎಚ್ಚರಿಕೆ ಯಂತ್ರಕ್ಕೆ ಅದರ ಸುಳಿವೇ ಹತ್ತದು. ಮೂರು ಕಿಲೋಮೀಟರ್ ದೂರದಿಂದ ಬಂದರೆ ಪೈಲಟ್‌ಗೆ ಸಿಗುವುದು ಐದಾರು ಸೆಕೆಂಡು.

ಇಲ್ಲಿ ನೆರವಿಗೆ ಬರುವುದು ಓಝೋನ್ ಪದರ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ಒಂದು ಪಟ್ಟಿಯನ್ನು ಅದು ಪೂರ್ತಿ ಹೀರಿಬಿಡುತ್ತದೆ. ಆ ಪಟ್ಟಿಯಲ್ಲಿ ನೋಡುವ ಸೆನ್ಸರ್‌ಗೆ ನಡುಹಗಲಲ್ಲೂ ನೆಲ ಕಪ್ಪು. ಅಲ್ಲಿ ಕ್ಷಿಪಣಿಯ ಜ್ವಾಲೆ ಅಮಾವಾಸ್ಯೆಯ ಬಯಲಲ್ಲಿ ಕಡ್ಡಿ ಗೀರಿದಂತೆ ಎದ್ದು ಕಾಣುತ್ತದೆ. ಮರುಕ್ಷಣವೇ ಫ್ಲೇರ್‌ಗಳು ತಾವಾಗಿ ಸಿಡಿಯುತ್ತವೆ. ಪ್ರಕೃತಿಯ ಗುಣವೊಂದನ್ನು ಇಷ್ಟು ಜಾಣತನದಿಂದ ದುಡಿಸಿಕೊಂಡ ಉಪಕರಣಗಳು ವಿರಳ. ಆದರೆ ಕ್ಷಿಪಣಿಯ ಇಂಧನ ಉರಿದು ಮುಗಿದರೆ ಈ ಕಣ್ಣಿಗೂ ಕತ್ತಲೆ. ಹಾಗಾಗಿ ಎರಡು ಅವಕೆಂಪು ಪಟ್ಟಿಗಳನ್ನು ಹೋಲಿಸಿ, ಬಿಸಿಲಿನ ಹೊಳಪನ್ನೂ ಕಾದ ಬಂಡೆಯನ್ನೂ ಬದಿಗಿಟ್ಟು, ಕ್ಷಿಪಣಿಯನ್ನಷ್ಟೇ ಗುರುತಿಸುವ ದ್ವಿವರ್ಣ ಸೆನ್ಸರ್‌ಗಳು ಬಂದವು. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಡೇರ್ ಪ್ರಯೋಗಾಲಯ ಇವುಗಳ ಮೇಲೆ ದುಡಿದಿದೆ.

ಎಚ್‌ಎಎಲ್‌ನ ಪ್ರಚಂಡ ಹೆಲಿಕಾಪ್ಟರ್ 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆ ಸೇರಿತು; ಕ್ಷಿಪಣಿ ಎಚ್ಚರಿಕೆ ಸೆನ್ಸರ್, ಫ್ಲೇರ್ ಎರಡಕ್ಕೂ ಅದರ ವಿನ್ಯಾಸದಲ್ಲೇ ಜಾಗವಿದೆ. ಸಿ-295 ಸಾಗಣೆ ವಿಮಾನಗಳಿಗೆ ಇಂಥ ಎಚ್ಚರಿಕೆ ವ್ಯವಸ್ಥೆ ಪೂರೈಸಲು ಬೆಂಗಳೂರಿನ ಬಿಇಎಲ್ 2022ರಲ್ಲಿ ಏರ್‌ಬಸ್ ಜೊತೆ ಒಪ್ಪಂದ ಮಾಡಿಕೊಂಡಿತು. ದಾಳಿಯ ಹೆಲಿಕಾಪ್ಟರಿಗಷ್ಟೇ ಅಲ್ಲ, ಸರಕು ಹೊರುವ ವಿಮಾನಕ್ಕೂ ಕಾವಲು ಬೇಕೆಂಬ ಈ ನಿರ್ಧಾರ ಸರಿಯಾದದ್ದು.

2024ರ ಜುಲೈಯಲ್ಲಿ ವಯನಾಡಿನ ಭೂಕುಸಿತದ ಸಂತ್ರಸ್ತರ ನೆರವಿಗೆ ಧಾವಿಸಿದ್ದೂ ವಾಯುಪಡೆಯ ಎಂಐ-17 ಹೆಲಿಕಾಪ್ಟರೇ. ನಮ್ಮನ್ನು ಎತ್ತಿಕೊಳ್ಳಲು ಬರುವವರು ನಾಳೆ ಗಡಿಗೂ ಹೋಗಬೇಕಾದವರು. ಅಲ್ಲಿಗೆ ಹೋಗುವ ಒಂದೇ ಒಂದು ಹೆಲಿಕಾಪ್ಟರೂ ಈ ಸೆನ್ಸರ್, ಈ ಫ್ಲೇರ್ ಇಲ್ಲದೆ ನೆಲ ಬಿಡದಂತೆ ಸರ್ಕಾರ ನೋಡಿಕೊಳ್ಳಲಿ.