ಗಂಡುಮಕ್ಕಳ ಎದೆ ಬೆಳವಣಿಗೆ: ಚಿಕಿತ್ಸೆ ಯಾವಾಗ, ನೆರವು ಯಾವಾಗ?



ಈ ಬಾರಿ ವೈದ್ಯಕೀಯ ನೆರವು ಕೋರಿ ಬಂದಿರುವ ಅರ್ಜಿಗಳಲ್ಲಿ ಒಂದು 21 ವರ್ಷದ ಯುವಕನದು. ಕಲಬುರಗಿ ಕಡೆಯ ಕುಟುಂಬ. ತಂದೆ ಇಲ್ಲಿ ವಾಚ್‌ಮನ್. ಎದೆಯಲ್ಲಿ ಬೆಳೆದಿರುವ ಗ್ರಂಥಿಯನ್ನು ತೆಗೆಸಬೇಕಾಗಿದೆ. "ಇದು ಅಂದಚಂದದ ವಿಷಯ, ನಿಧಿಯಿಂದ ಏಕೆ ಕೊಡಬೇಕು?" ಎಂದು ಕೆಲವರು ಕೇಳಿದ್ದಾರೆ. ದಾನಿಗಳ ಹಣಕ್ಕೆ ಲೆಕ್ಕ ಒಪ್ಪಿಸಬೇಕಾದವರು ನಾವು. ಆದ್ದರಿಂದ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಇದಕ್ಕೆ ವೈದ್ಯರು ಹೇಳುವ ಹೆಸರು ಗೈನೆಕೊಮಾಸ್ಟಿಯಾ. ಗಂಡಸಿನ ದೇಹದಲ್ಲೂ ಸ್ವಲ್ಪ ಈಸ್ಟ್ರೋಜನ್ ಇರುತ್ತದೆ. ಟೆಸ್ಟೋಸ್ಟಿರಾನ್ ಜೊತೆ ಅದರ ಸಮತೋಲ ತಪ್ಪಿದಾಗ ಮೊಲೆತೊಟ್ಟಿನ ಕೆಳಗಿನ ಗ್ರಂಥಿ ಬೆಳೆಯುತ್ತದೆ. ಬರೀ ಕೊಬ್ಬು ಸೇರಿದ್ದರೆ ಅದು ಬೇರೆ. ತೂಕ ಇಳಿಸಿದರೆ ಎಷ್ಟೋ ಕಡಿಮೆಯಾದೀತು. ಗ್ರಂಥಿಯೇ ಬೆಳೆದಿದ್ದರೆ ವ್ಯಾಯಾಮದಿಂದ ಕರಗುವುದಿಲ್ಲ. ಹುಡುಗನಿಗೆ ಜಿಮ್‌ಗೆ ಹೋಗು ಎಂದು ಗದರಿಸುವ ಅಪ್ಪಂದಿರು ಇದನ್ನು ಗಮನಿಸಬೇಕು.

ಹದಿಹರೆಯದಲ್ಲಿ ಇದು ತೀರ ಸಾಮಾನ್ಯ. ಹೆಚ್ಚಿನವರಲ್ಲಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. 14 ವರ್ಷದ ಹುಡುಗನನ್ನು ಜಾಹೀರಾತು ನೋಡಿ ಆಪರೇಷನ್‌ಗೆ ಕರೆದೊಯ್ಯುವ ಅವಸರ ಬೇಡ, ವೈದ್ಯರಿಗೆ ಒಮ್ಮೆ ತೋರಿಸಿ ಕಾಯಬಹುದು.

ದೊಡ್ಡವರಲ್ಲಿ ಮೊದಲು ಮಾತ್ರೆಗಳ ಪಟ್ಟಿ ನೋಡಬೇಕು. ಹೃದಯ, ಯಕೃತ್ತಿನ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಪ್ರಾಸ್ಟೇಟ್‌ಗೆ ಕೊಡುವ ಫಿನಾಸ್ಟರೈಡ್, ಕೆಲವು ಮನೋರೋಗದ ಔಷಧಿಗಳು, ದೇಹ ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್ ಇದಕ್ಕೆ ಕಾರಣವಾಗಬಹುದು. ನಮ್ಮ ವಯಸ್ಸಿನವರ ಡಬ್ಬಿಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದೀತು. ಆದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ಕಾಯಿಲೆ, ಅಪರೂಪಕ್ಕೆ ವೃಷಣದ ಗೆಡ್ಡೆಯೂ ಇದರ ಹಿಂದೆ ಇರಬಹುದು. ಅದಕ್ಕೇ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಮಾಡಿಸುತ್ತಾರೆ.

ಒಂದೇ ಕಡೆ ಗಟ್ಟಿ ಗಂಟು, ಮೊಲೆತೊಟ್ಟು ಒಳಸರಿಯುವುದು, ರಕ್ತ ಒಸರುವುದು ಕಂಡರೆ ಸಂಕೋಚಪಡದೆ ತಕ್ಷಣ ತೋರಿಸಿ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಶೇ. 1ರಷ್ಟು ಗಂಡಸರು. ನಾಚಿಕೆಯಿಂದ ತಡವಾಗಿ ಬರುವುದೇ ಇಲ್ಲಿ ದೊಡ್ಡ ಅಪಾಯ. ರೆಡ್ ಹಿಲ್ಸ್‌ನಲ್ಲಿ ಸರಕಾರಿ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಇದೆ.

ಹೊಸದಾಗಿ ಬಂದು ನೋವಿರುವಾಗ ಟ್ಯಾಮೊಕ್ಸಿಫೆನ್ ಮಾತ್ರೆಯನ್ನು ಕೆಲವರಿಗೆ ಬರೆದುಕೊಡುವುದುಂಟು. ವರ್ಷ ದಾಟಿದರೆ ಗ್ರಂಥಿ ನಾರಿನಂತೆ ಗಟ್ಟಿಯಾಗಿ ಮಾತ್ರೆ ಅಷ್ಟು ಫಲ ಕೊಡುವುದಿಲ್ಲ. ಆಗ ಉಳಿಯುವುದು ಶಸ್ತ್ರಚಿಕಿತ್ಸೆ: ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಗ್ರಂಥಿ ತೆಗೆಯುತ್ತಾರೆ, ಕೊಬ್ಬಿದ್ದರೆ ಹೀರಿ ತೆಗೆಯುತ್ತಾರೆ. ಬಳಿಕ ಕೆಲವು ವಾರ ಬಿಗಿಯಾದ ಬನಿಯನ್ನಿನಂಥ ಉಡುಪು ತೊಡಬೇಕು. ಉಸ್ಮಾನಿಯಾ ಆಸ್ಪತ್ರೆಯಲ್ಲೂ ನಿಮ್ಸ್‌ನಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಖಾಸಗಿಗೆ ಹೋಗುವ ಮುನ್ನ ಅಲ್ಲಿ ವಿಚಾರಿಸಬಹುದು.

ಇನ್ನು ಹಣದ ಮಾತು, ಅದು ನನ್ನ ಕಸುಬು. ಆರೋಗ್ಯ ವಿಮೆಯಲ್ಲಿ ರೂಪ ಬದಲಿಸುವ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆ, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ನಿವಾರಿಸಲು ಅಗತ್ಯವೆಂದು ವೈದ್ಯರು ದೃಢೀಕರಿಸಿದ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಆಸ್ಪತ್ರೆ ಬಿಲ್ಲಿನ ಮೇಲೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲದಿದ್ದರೂ ಕಾಸ್ಮೆಟಿಕ್ ಸರ್ಜರಿಗೆ ಉಂಟು. ಬೆಳವಣಿಗೆಯ ದೋಷ ಸರಿಪಡಿಸುವುದಾದರೆ ಮತ್ತೆ ವಿನಾಯಿತಿ. ಹೀಗಾಗಿ ವೈದ್ಯರ ಪ್ರಮಾಣಪತ್ರದ ಒಂದೊಂದು ಪದಕ್ಕೂ ಬೆಲೆಯಿದೆ. ಇಲ್ಲದ್ದನ್ನು ಬರೆಸಬೇಡಿ, ಇರುವುದನ್ನು ಪೂರ್ತಿ ಬರೆಸಿಕೊಳ್ಳಿ.

ಈ ಯುವಕನಿಗೆ ಅದು ಬಂದು 5 ವರ್ಷವಾಯಿತು. ಪರೀಕ್ಷೆಗಳಲ್ಲಿ ಬೇರೆ ಕಾಯಿಲೆ ಕಂಡಿಲ್ಲ. ನೋವಿದೆ, ಅಂಗಿ ಕಳಚಬೇಕಾದೀತೆಂದು ದೈಹಿಕ ಪರೀಕ್ಷೆಯಿರುವ ಎರಡು ನೌಕರಿಗಳಿಗೆ ಅರ್ಜಿಯನ್ನೇ ಹಾಕಲಿಲ್ಲ. ಇದನ್ನು ಅಂದಚಂದದ ಖರ್ಚೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕೊಡಬೇಕೆಂಬುದು ನನ್ನ ಶಿಫಾರಸು.

ನೆರವು ನೀಡಬಯಸುವವರು 'ವೈದ್ಯಕೀಯ ನಿಧಿ' ಎಂದು ನಮೂದಿಸಿ ಸಂಘದ ಖಾತೆಗೆ ಜಮಾ ಮಾಡಿ ರಸೀದಿ ಪಡೆಯಬೇಕಾಗಿ ವಿನಂತಿ. ಹಣ ನೇರವಾಗಿ ಆಸ್ಪತ್ರೆಗೇ ಸಂದಾಯವಾಗುತ್ತದೆ. ಯುವಕನ ಹೆಸರನ್ನು ದಯವಿಟ್ಟು ಯಾರೂ ಕೇಳಬೇಡಿ.